“13ನೇ ಅಧ್ಯಾಯದ ಫೋಟೊ ಕಳಿಸ್ತೀರಾ?”

ಆನ್‌ಲೈನ್‌ನಲ್ಲಿ ನಾನು ಕೊಂಡ ಮೊದಲ ಹಳೇ ಪುಸ್ತಕ ಪ್ಯಾಟರ್ಸನ್ ಮತ್ತು ಹೆನ್ನೆಸಿ ಅವರ ‘ಕಂಪ್ಯೂಟರ್ ಆರ್ಗನೈಸೇಷನ್ ಅಂಡ್ ಡಿಸೈನ್’. ನನಗೆ ಬೇಕಿದ್ದದ್ದು ರಿಸ್ಕ್-ವಿ ಆವೃತ್ತಿ, ಮನೆಗೆ ಬಂದದ್ದು ಮಿಪ್ಸ್ ಆವೃತ್ತಿ. ಇವು ಬೇರೆ ಬೇರೆ ಪ್ರೊಸೆಸರ್ ವಿನ್ಯಾಸಗಳ ಹೆಸರು. ಒಂದೇ ಹೆಸರಿನಲ್ಲಿ ಮಿಪ್ಸ್, ಆರ್ಮ್, ರಿಸ್ಕ್-ವಿ ಅಂತ ಬೇರೆ ಬೇರೆ ಪುಸ್ತಕಗಳಿವೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮಾರಿದವರು ಫೋಟೊ ಸರಿಯಾಗಿಯೇ ಹಾಕಿದ್ದರು. ನಾನು ಬೆಲೆ ಮಾತ್ರ ನೋಡಿದ್ದೆ.

ಅಂದಿನಿಂದ ಹೆಸರು ಹಾಕಿ ಹುಡುಕುವುದನ್ನು ಬಿಟ್ಟೆ. ಈಗ ಪುಸ್ತಕದ ಗುರುತಿನ ನಂಬರಾದ ಐಎಸ್‌ಬಿಎನ್ ಹಾಕಿಯೇ ಹುಡುಕುತ್ತೇನೆ. ಆವೃತ್ತಿ ಬದಲಾದರೆ ಆ ನಂಬರೂ ಬದಲಾಗುತ್ತದೆ. 2007ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ 10 ಅಂಕಿ, ಆಮೇಲಿನವುಗಳಲ್ಲಿ 13. 13 ಅಂಕಿಯ ನಂಬರಿನಲ್ಲಿ ಮೊದಲ 978ರ ನಂತರ 81 ಅಥವಾ 93 ಇದ್ದರೆ ಅದು ಭಾರತದ ಪ್ರಕಾಶಕರು ಹೊರತಂದದ್ದು. ಅಂಥದ್ದು ಅಗ್ಗಕ್ಕೆ ಸಿಗುತ್ತದೆ, ಓದುವುದಕ್ಕೆ ಏನೂ ತೊಂದರೆಯಿಲ್ಲ.

ನಿಜವಾದ ತೊಂದರೆ ಬರುವುದು ನಕಲಿ ಪ್ರತಿಯಿಂದ. ಕಾರ್ಮನ್ ಮತ್ತು ಇತರರು ಬರೆದ ‘ಇಂಟ್ರೊಡಕ್ಷನ್ ಟು ಅಲ್ಗಾರಿದಮ್ಸ್’ ಪುಸ್ತಕದ ಮೂರನೇ ಆವೃತ್ತಿಯನ್ನು ಒಬ್ಬರಿಂದ ತರಿಸಿದ್ದೆ. ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗೆ ನೋಡಿದರೆ ಜೆರಾಕ್ಸ್ ಥರದ ಮುದ್ರಣ. ಸೂತ್ರಗಳಲ್ಲಿ ಕೆಳಗೆ ಬರುವ ಪುಟ್ಟ ಅಕ್ಷರ ಐ ಇದೆಯೋ ಜೆ ಇದೆಯೋ ತಿಳಿಯುವುದಿಲ್ಲ. 13ನೇ ಅಧ್ಯಾಯ ರೆಡ್-ಬ್ಲ್ಯಾಕ್ ಟ್ರೀ ಕುರಿತದ್ದು, ಅಂದರೆ ಮಾಹಿತಿಯನ್ನು ಕೆಂಪು, ಕಪ್ಪು ಬಣ್ಣದ ಬಿಂದುಗಳಾಗಿ (ನೋಡ್) ಮರದಂತೆ ಜೋಡಿಸುವ ವಿಧಾನ. ಆ ಆವೃತ್ತಿಯ ಚಿತ್ರಗಳಲ್ಲಿ ಕೆಂಪು ನೋಡ್‌ಗಳನ್ನು ಬೂದು ಛಾಯೆಯಲ್ಲಿ, ಕಪ್ಪು ನೋಡ್‌ಗಳನ್ನು ಗಾಢವಾಗಿ ತೋರಿಸಿದ್ದಾರೆ. ನನ್ನ ಪ್ರತಿಯಲ್ಲಿ ಎಲ್ಲವೂ ಒಂದೇ ಕಪ್ಪು! ಬಣ್ಣ ಗೊತ್ತಾಗದೆ ಆ ಅಧ್ಯಾಯ ಅರ್ಥ ಮಾಡಿಕೊಳ್ಳುವುದು ಹೇಗೆ ಹೇಳಿ? ಮಾರಿದವರನ್ನು ಕೇಳಿದರೆ, “ಕಮ್ಮಿ ರೇಟಿಗೆ ಕೊಟ್ಟಿದ್ದೀನಲ್ಲ ಸರ್” ಅಂದರು. ದುಡ್ಡು ವಾಪಸ್ ಬರಲಿಲ್ಲ.

ಹಾಗಾಗಿ ಈಗ ದುಡ್ಡು ಕಳಿಸುವ ಮುಂಚೆ ಕೆಲವು ಫೋಟೊ ಕೇಳುತ್ತೇನೆ. ಐಎಸ್‌ಬಿಎನ್ ಇರುವ ಪುಟ, ಪುಸ್ತಕದ ಬೆನ್ನು, ಕೊನೆಯ ಪುಟ. ಈ ಪುಸ್ತಕವಾದರೆ 13ನೇ ಅಧ್ಯಾಯದ ಮೊದಲ ಚಿತ್ರವನ್ನೂ ಕೇಳುತ್ತೇನೆ. ಅಸಲಿ ಇಟ್ಟುಕೊಂಡವರು ಐದು ನಿಮಿಷದಲ್ಲಿ ಕಳಿಸುತ್ತಾರೆ. ನೆಪ ಹೇಳಿದರೆ ನಾನು ಬಿಟ್ಟುಬಿಡುತ್ತೇನೆ, ಬೆಲೆ ಎಷ್ಟೇ ಕಡಿಮೆ ಇರಲಿ.

2022ರಲ್ಲಿ ನಾಲ್ಕನೇ ಆವೃತ್ತಿ ಬಂತು, ಮತ್ತೆ ಯಾಕೆ ಹಳೆಯದು ಅಂತ ಗೆಳೆಯರು ಕೇಳುತ್ತಾರೆ. ಹೊಸದರಲ್ಲಿ ಮಷೀನ್ ಲರ್ನಿಂಗ್ ಅಧ್ಯಾಯ ಸೇರಿದೆ, ನಿಜ. ಆದರೆ ಫಿಬೊನಾಚಿ ಹೀಪ್ (ಮಾಹಿತಿ ಜೋಡಿಸಿಡುವ ಇನ್ನೊಂದು ವಿಧಾನ) ಅಧ್ಯಾಯವನ್ನು ಮುದ್ರಿತ ಪುಸ್ತಕದಿಂದ ತೆಗೆದಿದ್ದಾರೆ. ನನಗೆ ಅದು ಕೈಯಲ್ಲೇ ಇರಬೇಕು. ಅಲ್ಗಾರಿದಮ್ಸ್ ವಿಷಯದಲ್ಲಿ 2009ರ ಮೂರನೇ ಆವೃತ್ತಿಯನ್ನು ಧೈರ್ಯವಾಗಿ ಕೊಳ್ಳಿ. ನೆಟ್‌ವರ್ಕ್, ಸೆಕ್ಯುರಿಟಿ ಪುಸ್ತಕವಾದರೆ ಅಷ್ಟು ಹಳೆಯದು ಬೇಡ.

ಕೊನೆಗೂ ಒಂದು ಅಸಲಿ ಪ್ರತಿ ಸಿಕ್ಕಿತು. ಅದರಲ್ಲಿ ಯಾರೋ ವಿದ್ಯಾರ್ಥಿ ಅಭ್ಯಾಸದ ಲೆಕ್ಕಗಳನ್ನು ಪುಟದ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬಿಡಿಸಿದ್ದಾರೆ. ಒಂದು ಕಡೆ ತಪ್ಪು ಮಾಡಿ, ಹೊಡೆದುಹಾಕಿ, ಪಕ್ಕದಲ್ಲೇ ಸರಿ ಮಾಡಿದ್ದಾರೆ. ನಾನೂ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿದ್ದೆ. ಆ ಬರಹವನ್ನು ಹಾಗೇ ಇಟ್ಟುಕೊಂಡಿದ್ದೇನೆ.