ಅಜ್ಜನ ಕೋವಿಯ ಎಡಗುದುರೆ

ಹಳೇ ಕೋವಿಗೆ ಬಿಡಿಭಾಗ ಅಂತ ಏನೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಬರ್ಮಿಂಗ್‌ಹ್ಯಾಮ್ ಕೋವಿ ಇರುವ ಯಾರನ್ನು ಕೇಳಿದರೂ "ಇಂಗ್ಲೆಂಡಿಂದ ಪಾರ್ಟ್ಸ್ ತರ್ಸಿದ್ರಾಯ್ತು ಬಿಡಿ" ಅನ್ನುತ್ತಾರೆ. ತರಿಸಿದರೂ ಅದು ಕೂರುವುದಿಲ್ಲ. ಆ ಕಾಲದ ಜೋಡುನಳಿಗೆ ಕೋವಿಯ ಒಂದೊಂದು ತುಂಡನ್ನೂ ಅರದಲ್ಲಿ ಉಜ್ಜಿ, ಇಟ್ಟು ನೋಡಿ, ಮತ್ತೆ ಉಜ್ಜಿ ಕೂರಿಸಿದ್ದಾರೆ. ಒಂದೇ ಅಂಗಡಿಯಿಂದ ಬಂದ ಎರಡು ಕೋವಿಗಳ ಸ್ಕ್ರೂ ಕೂಡ ಅದಲುಬದಲು ಆಗುವುದು ಅಪರೂಪ.

ನಮ್ಮದು ಕುದುರೆ, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯಂಥ ಭಾಗ, ಹೊರಗೇ ಕಾಣುವ ಹನ್ನೆರಡು ಬೋರಿನ ಕೋವಿ. ಅಜ್ಜ ಕೊಂಡದ್ದು, ಅಪ್ಪನ ಲೈಸೆನ್ಸಿಗೆ ಬಂದು, ಈಗ ನನ್ನದರಲ್ಲಿದೆ. ತಯಾರಕರ ಹೆಸರು ಸವೆದುಹೋಗಿದೆ. ಆದರೆ ನಳಿಗೆ ಬಿಚ್ಚಿ ಅಡಿ ನೋಡಿದರೆ ಕೋವಿಗಳನ್ನು ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆಗಳ ಜೊತೆ ‘ನಾಟ್ ಫಾರ್ ಬಾಲ್’ ಅಂತ ಸಣ್ಣಗೆ ಒತ್ತಿದ್ದಾರೆ. ನಳಿಗೆಯ ಬಾಯಿ ಕಿರಿದು, ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. ಆ ಮುದ್ರೆ ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ. ಹಾಗಾಗಿ ಕೋವಿಯ ವಯಸ್ಸು ಗೊತ್ತಾಯಿತು. ಇನ್ನೊಂದು ವಿಷಯವೂ ಗೊತ್ತಾಯಿತು: ಇದು ಕರಿಮದ್ದಿನ ಕಾಲದ್ದು, ಹೊಗೆ ಬಾರದ ಈಗಿನ ಮದ್ದಿಗೆ ಪರೀಕ್ಷೆ ಆದ ಗುರುತು ಎಲ್ಲೂ ಇಲ್ಲ. ತೋಟಾ ಕೂರುವ ಮನೆಯೂ ಎರಡೂವರೆ ಇಂಚು. ಈಗ ಸಾಮಾನ್ಯವಾಗಿ ಸಿಗುವ 70 ಮಿಲಿಮೀಟರ್ ತೋಟಾ ಹಾಕಿದರೆ ಒಳಗೆ ಹೋಗುತ್ತದೆ, ಅಲ್ಲೇ ಅಪಾಯ. ಹೊಡೆದಾಗ ಅದರ ಮಡಚಿದ ಬಾಯಿ ಬಿಚ್ಚಿ ಉದ್ದವಾಗುತ್ತದೆ, ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಮ್ಮ ಕೋವಿಗೆ ಈಡು ಹಾಕುವುದಿಲ್ಲ ಎಂದು ಆವತ್ತೇ ತೀರ್ಮಾನಿಸಿದೆ. ಹೇಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿಯ ಮಾತಿಲ್ಲ. ಈ ತೀರ್ಮಾನ ಮೊದಲೇ ಆದರೆ ರಿಪೇರಿಯ ಎಷ್ಟೋ ಗೊಂದಲ ತಾನಾಗಿ ಕರಗುತ್ತದೆ.

ಮುರಿದದ್ದು ಆಯುಧಪೂಜೆಯ ದಿನ. ಬೆಂಗಳೂರಿಂದ ಬಂದಿದ್ದ ಭಾವನವರು ಪೂಜೆ ಮುಗಿದ ಮೇಲೆ ಕೋವಿ ಕೈಗೆತ್ತಿಕೊಂಡು, ಎರಡೂ ಕುದುರೆ ಹಿಂದಕ್ಕೆಳೆದು ಖಾಲಿ ಟ್ರಿಗರ್ ಒತ್ತಿದರು. ಬಲಗಡೆಯದು ಟಕ್ಕೆಂದಿತು. ಎಡಗಡೆಯದು ಸುಮ್ಮನೆ ಮುಂದಕ್ಕೆ ಬಗ್ಗಿ ಅಲ್ಲಾಡತೊಡಗಿತು. ಖಾಲಿ ಕೋವಿಯ ಟ್ರಿಗರ್ ಒತ್ತುವುದು ಹಳೆಯದಕ್ಕೆ ಮಾಡುವ ದೊಡ್ಡ ಅನ್ಯಾಯ. ತೋಟಾ ಇದ್ದರೆ ಅದರ ಕೇಪು ಪೆಟ್ಟನ್ನು ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಪಿನ್ನು, ಕುದುರೆ, ಸ್ಪ್ರಿಂಗು ಎಲ್ಲವೂ ತಿನ್ನಬೇಕು. ನೋಡಲೇಬೇಕೆಂದಿದ್ದರೆ ಡಮ್ಮಿ ತೋಟಾ ಸಿಗುತ್ತದೆ, ಅದನ್ನು ಹಾಕಿ ಒತ್ತಿ.

ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡುವಂತಿಲ್ಲ, 1959ರ ಶಸ್ತ್ರ ಕಾಯ್ದೆಯ ಐದನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಊರಲ್ಲಿ ಕೈಚಳಕದ ಆಚಾರಿ ಇದ್ದಾನೆ ಎಂದು ಅವನ ಕುಲುಮೆಗೆ ಒಯ್ದರೆ ಅವನಿಗೂ ಕಷ್ಟ, ನಮಗೂ ಕಷ್ಟ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ ನಿಜ, ಗಡಿ ದಾಟಿ ನಮ್ಮ ಕಡೆ ಬಂದರೆ ಅದು ಅನ್ವಯಿಸುವುದಿಲ್ಲ. ‘ಹಳೇದಲ್ವಾ, ಆಂಟಿಕ್ಕು, ಲೈಸೆನ್ಸ್ ಬೇಡ’ ಅನ್ನುವವರೂ ಇದ್ದಾರೆ. ಹೊಡೆಯಲು ಬಾರದಂತೆ ಕೆಟ್ಟುಹೋಗಿದ್ದರೆ ಮಾತ್ರ ಆ ಮಾತು. ಒಂದು ಸ್ಪ್ರಿಂಗ್ ಹಾಕಿದರೆ ಹೊಡೆಯುವ ಕೋವಿಗೆ ಆ ನೆಪ ನಡೆಯದು. ಲೈಸೆನ್ಸ್ ಪುಸ್ತಕ ಜೇಬಲ್ಲಿಟ್ಟುಕೊಂಡು, ಖಾಲಿ ಕೋವಿಯನ್ನು ಚೀಲಕ್ಕೆ ಹಾಕಿ, ರಿಪೇರಿಗೆ ಪರವಾನಗಿ ಇರುವ ಅಂಗಡಿಗೆ ಒಯ್ದೆ.

ಅಲ್ಲಿನ ಸಾಬರು ವಯಸ್ಸಾದವರು. ಮೊದಲು ಮಾಡಿದ ಕೆಲಸ ಸ್ಕ್ರೂಡ್ರೈವರ್ ತಿಕ್ಕಿದ್ದು. ಹಳೇ ಇಂಗ್ಲಿಷ್ ಕೋವಿಯ ಸ್ಕ್ರೂ ತಲೆಯ ಗೀರು ಕೂದಲಷ್ಟು ಸಣ್ಣ. ಪೇಟೆಯ ಸ್ಕ್ರೂಡ್ರೈವರ್ ತುದಿ ಇಳಿಜಾರಾಗಿರುತ್ತದೆ, ಗೀರಿನ ತಳ ಮುಟ್ಟದೆ ಮೇಲೇ ಜಾರಿ ಅಂಚು ಕಿತ್ತುಬಿಡುತ್ತದೆ. ಅವರು ಆ ಗೀರಿಗೇ ಸರಿಯಾಗಿ ತುದಿ ತಿಕ್ಕಿಕೊಂಡು, ಒಂದು ತೊಟ್ಟು ಎಣ್ಣೆ ಬಿಟ್ಟು, ಚಹಾ ತರಿಸಿ ಕೂತರು. ಚಹಾ ಮುಗಿದ ಮೇಲೆ ಸ್ಕ್ರೂ ಸದ್ದಿಲ್ಲದೆ ತಿರುಗಿತು.

ಕುದುರೆ, ಸ್ಪ್ರಿಂಗು ಕೂತಿರುವ ಲಾಕ್ ಪ್ಲೇಟ್ ಹೊರಬಂತು. ಮಡಚಿದ ಪಟ್ಟಿಯಂಥ ಸ್ಪ್ರಿಂಗು ಮಡಿಕೆಯ ಹತ್ತಿರವೇ ಎರಡಾಗಿತ್ತು. ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುರಿದ ಮುಖದ ಒಂದು ಅಂಚಲ್ಲಿ ಕಂದು ಪಟ್ಟೆ, ಉಳಿದದ್ದೆಲ್ಲ ಸಕ್ಕರೆ ಹರಳಿನ ಹಾಗೆ ಬೂದು ಮಿನುಗು. "ಇದು ಈಗ ಮುರಿದದ್ದಲ್ಲ ಗೌಡ್ರೇ. ಕಂದು ಇರೋದು ಹಳೇ ಬಿರುಕು, ಒಳಗೆ ತುಕ್ಕು ಹೋಗಿದೆ. ಮಿನುಗೋದು ಮಾತ್ರ ಮೊನ್ನೆದು. ನಿಮ್ಮ ಭಾವನೋರ ಮೇಲೆ ಪೂರ್ತಿ ಹಾಕ್ಬೇಡಿ," ಅಂದರು. ಪ್ಲೇಟಿನ ಒಳಗೋಡೆಯಲ್ಲಿ ಒಣಗಿದ ಗಂಧ, ಅರಿಶಿನ ಗಟ್ಟಿಯಾಗಿ ಕೂತಿತ್ತು. ವರ್ಷ ವರ್ಷ ಪೂಜೆಗೆ ಹಚ್ಚಿದ್ದು ಸಂದಿಗೆ ಇಳಿದು, ನಮ್ಮ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡಿದೆ. ಈಗ ಅಮ್ಮ ಗಂಧ ಕುಂಕುಮವನ್ನೆಲ್ಲ ಕತ್ತಿ, ಪಂಪ್‌ಸೆಟ್ಟು, ಜೀಪಿಗೆ ಹಚ್ಚುತ್ತಾರೆ. ಕೋವಿಗೆ ಹೂ ಮಾತ್ರ.

ಹೊಸ ಸ್ಪ್ರಿಂಗಿಗೆ ಮುರಿದ ತುಂಡುಗಳೇ ಅಚ್ಚು. ಅದಕ್ಕೇ ಎಲ್ಲರಿಗೂ ಹೇಳುವುದು, ಏನೇ ಮುರಿದರೂ ಚೂರನ್ನೂ ಬಿಸಾಡಬೇಡಿ. ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ ಮಡಚಿ, ಅರದಿಂದ ಆಕಾರ ಕೊಟ್ಟು, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಆಮೇಲೆ ನೀಲಿ ಬಣ್ಣ ಏರುವ ತನಕ, ಅಂದರೆ ಸುಮಾರು 300 ಡಿಗ್ರಿಗೆ, ಮತ್ತೆ ಕಾಯಿಸಿ ಹದ ತರುತ್ತಾರೆ. ನನಗೆ ಹೊಸದೆನಿಸಿದ್ದು ಅರ ಎಳೆಯುವ ದಿಕ್ಕು. ಸಾಬರು ಕೊನೆಯ ಉಜ್ಜನ್ನೆಲ್ಲ ಉದ್ದಕ್ಕೇ ಎಳೆಯುತ್ತಿದ್ದರು. ಅಡ್ಡ ಗೀರು ಒಂದು ಉಳಿದರೂ ಬಿರುಕು ಅಲ್ಲಿಂದಲೇ ಶುರುವಂತೆ. ಕೂರಿಸಿದ ಮೇಲೆ ಎರಡೂ ಹೆಬ್ಬೆರಳಲ್ಲಿ ಎರಡು ಕುದುರೆ ಒಟ್ಟಿಗೆ ಎಳೆದು ನೋಡಿದರು. ಎಡಗಡೆಯದು ಬಿಗಿ. ಬಿಚ್ಚಿ, ಕೆಳಗಿನ ಎಸಳನ್ನು ಇನ್ನಷ್ಟು ತೆಳು ಮಾಡಿದರು. ಬಲವಾದ ಸ್ಪ್ರಿಂಗ್ ಒಳ್ಳೆಯದೆಂದು ನಾವಂದುಕೊಳ್ಳುತ್ತೇವೆ, ಅದು ಕುದುರೆಯ ಕುತ್ತಿಗೆ ಮುರಿಯುತ್ತದೆ.

ಲಾಕ್ ಬಿಚ್ಚಿದಾಗ ಇನ್ನೊಂದು ರೋಗ ಕಂಡಿತು. ಅಕ್ರೋಟು ಮರದ ಹಿಡಿ, ಕಬ್ಬಿಣಕ್ಕೆ ಸೇರುವ ಕಡೆ ಕಪ್ಪಗೆ ಮೆತ್ತಗಾಗಿ, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಅಲ್ಲಿಂದ ಹಿಂದಕ್ಕೆ ಸೀಳು. ಧಾರಾಳವಾಗಿ ಎಣ್ಣೆ ಬಿಟ್ಟು ನಳಿಗೆ ಮೇಲೆ ಮಾಡಿ ಗೋಡೆಗೆ ಒರಗಿಸುತ್ತಿದ್ದ ಕಾಲದ ಫಲ. ಎಣ್ಣೆಯೆಲ್ಲ ಇಳಿದು ಮರಕ್ಕೇ ಸೇರಿದೆ. ಬೀಟೆ ಮರದಲ್ಲಿ ಹೊಸ ಹಿಡಿ ಮಾಡಿಸಿ ಎಂದು ನೆಂಟರೊಬ್ಬರು ಹೇಳಿದರು. ಬೀಟೆ ಭಾರ, ಸೀಳುವುದೂ ಬೇಗ, ಮೇಲಾಗಿ ಅಜ್ಜನ ಕೆನ್ನೆ ತಾಗಿದ ಮರ ಬಿಡಲು ಮನಸ್ಸಿಲ್ಲ. ಕಬ್ಬಿಣವೆಲ್ಲ ಅಂಗಡಿಯಲ್ಲೇ ರಶೀದಿ ಪಡೆದು ಬಿಟ್ಟು, ಮರ ಮಾತ್ರ ಮನೆಗೆ ತಂದೆ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ ಬಿಸಿಲಿಗಿಟ್ಟರೆ ಎಣ್ಣೆ ಮೇಲೆದ್ದು ಪುಡಿ ಹಳದಿಯಾಗುತ್ತದೆ. ಕೆರೆದು, ಮತ್ತೆ ಮೆತ್ತಬೇಕು. ಪುಡಿ ಬೆಳ್ಳಗೇ ಉಳಿಯುವವರೆಗೂ ಅಂಟು ಹಾಕಿ ಪ್ರಯೋಜನವಿಲ್ಲ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಕಣದಲ್ಲಿ ಬಿಸಿಲಿಗೆ ಬರವಿರಲಿಲ್ಲ. ಆಮೇಲೆ ಸೀಳಿಗೆ ಅರಾಲ್ಡೈಟ್ ಇಳಿಸಿ, ಸೈಕಲ್ ಟ್ಯೂಬ್ ಬಿಗಿದು ಸುತ್ತಿಟ್ಟೆ. ಕೊನೆಗೆ ಅಗಸೆ ಎಣ್ಣೆ, ಅಂಗೈಯಲ್ಲಿ ಉಜ್ಜಿ ಆರಿಸಿ ಮತ್ತೆ ಉಜ್ಜಿದ್ದು.

ಬಲಗುದುರೆ ಮೂಲದ್ದಲ್ಲ ಅನ್ನುವುದೂ ಆಗಲೇ ತಿಳಿದದ್ದು. ಎಡಗಡೆಯದರ ಮೇಲೆ ಬಳ್ಳಿಯ ಕೆತ್ತನೆ ಇದೆ, ಇದರದ್ದು ಬೋಳು, ಬಾಗೂ ಬೇರೆ. ಯಾವುದೋ ಕಾಲದಲ್ಲಿ ಯಾರೋ ಚೆನ್ನಾಗಿಯೇ ಕೂರಿಸಿದ್ದಾರೆ. ಸಂಗ್ರಹಕಾರರು ಇದಕ್ಕೆ ಬೆಲೆ ಇಳಿಸುತ್ತಾರೆ. ಹೊಸದು ಮಾಡಿಸಿ ಕೆತ್ತಿಸಿದರೆ ಸುಳ್ಳು ಜೋಡಿ ಆಗುತ್ತದೆ, ಹಾಗಾಗಿ ಮುಟ್ಟಲಿಲ್ಲ.

ಬೇರೊಂದು ಅಂಗಡಿಯವರು ನಳಿಗೆಗೆ ಹೊಸ ಕರಿ ಬಣ್ಣ ಹಾಕಿಕೊಡುತ್ತೇನೆ ಎಂದು ಬಹಳ ಒತ್ತಾಯ ಮಾಡಿದ್ದರು. ಬೇಡವೇ ಬೇಡ. ಬಿಸಿ ರಾಸಾಯನಿಕದಲ್ಲಿ ಅದ್ದುವ ಆ ವಿಧಾನ ಜೋಡುನಳಿಗೆಯನ್ನು ಹಿಡಿದಿರುವ ಸೀಸ-ತವರದ ಬೆಸುಗೆಯನ್ನೇ ತಿನ್ನುತ್ತದೆ, ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ದಮಾಸ್ಕಸ್ ನಳಿಗೆಯ ಸುರುಳಿ ಗೆರೆಗಳೂ ಮುಳುಗಿಹೋಗುತ್ತವೆ. ಅದಕ್ಕಿಂತ ಹೆಚ್ಚಿನ ಭಯ ಬಣ್ಣಕ್ಕೆ ಮುಂಚಿನ ಪಾಲಿಶಿನದು. ಲೈಸೆನ್ಸ್ ನವೀಕರಣಕ್ಕೆ ಕೋವಿ ತೋರಿಸುವಾಗ, ಚುನಾವಣೆಗೆ ಠಾಣೆಯಲ್ಲಿ ಇಟ್ಟು ಬಿಡಿಸಿಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ನಂಬರನ್ನು. ಅದು ಸವೆದರೆ ಉತ್ತರ ಹೇಳಬೇಕಾದವರು ನಾವು, ಪಾಲಿಶ್ ಮಾಡಿದವರಲ್ಲ. ಈಗ ನಮ್ಮದರ ನಂಬರು, ಮುದ್ರೆಗಳು, ಎರಡೂ ಕುದುರೆ, ಒಳಗಿನ ಲಾಕು ಎಲ್ಲದರ ಫೋಟೋ ತೆಗೆದಿಟ್ಟಿದ್ದೇನೆ. ಮುರಿದ ಸ್ಪ್ರಿಂಗಿನ ತುಂಡುಗಳು ಎಣ್ಣೆಬಟ್ಟೆ ಸುತ್ತಿ ಲೈಸೆನ್ಸ್ ಪುಸ್ತಕದ ಜೊತೆಗೇ ಇವೆ, ಇನ್ನೊಂದು ಸಲ ಬೇಕಾದೀತು. ಮಳೆಗಾಲದಲ್ಲಿ ಚರ್ಮದ ಉರೆಯಿಂದ ತೆಗೆದು, ನಳಿಗೆ ಕೆಳಮುಖ ಮಾಡಿ, ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ. ಬೀಗದ ಕೈ ಭಾವನವರಿಗೆ ಸಿಗದ ಕಡೆ ಇದೆ.