ಎಕ್ಸ್‌ರೇ ರೂಮಿಗೆ ಬರುವ ಮುಂಚೆ

ಎದೆಯ ಎಕ್ಸ್‌ರೇ ಮುಗಿಸಿ ಅಂಗಿ ಹಾಕಿಕೊಳ್ಳುತ್ತಿದ್ದ ತಾತ ಒಬ್ಬರು ಮೆಲ್ಲಗೆ ಕೇಳಿದರು: "ಈಗ ಮೊಮ್ಮಗಳನ್ನ ಎತ್ಕೋಬಹುದಾ?" ಧಾರಾಳವಾಗಿ ಎತ್ಕೊಳ್ಳಿ ಅಂದೆ. ಲೈಟ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ ಅಲ್ವಾ, ಎಕ್ಸ್‌ರೇ ಕೂಡ ಹಾಗೆಯೇ. ಬಟನ್ ಬಿಟ್ಟ ಕ್ಷಣಕ್ಕೆ ಮುಗಿಯಿತು. ಮೈಯಲ್ಲಿ, ಬಟ್ಟೆಯಲ್ಲಿ, ಕುರ್ಚಿಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಂತ ಸುಮ್‌ಸುಮ್ನೆ ತೆಗೆಸುವುದೂ ಬೇಡ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ವಿಕಿರಣ ಹೇಗೂ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇ ಅಂದರೆ ಹೆಚ್ಚೆಂದರೆ 0.1, ಅಂದರೆ ಹದಿನೈದು ದಿನದ ಪಾಲು. ಹೊಟ್ಟೆಯ ಸಿಟಿ ಸ್ಕ್ಯಾನ್ ಮಾತ್ರ ಸುಮಾರು 8, ಮೂರು ವರ್ಷದ ಪಾಲು ಒಂದೇ ಸಲಕ್ಕೆ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ನಲ್ಲಿ ಈ ಲೆಕ್ಕವೇ ಇಲ್ಲ, ಅವುಗಳಲ್ಲಿ ಎಕ್ಸ್‌ರೇ ಬಳಸುವುದೇ ಇಲ್ಲ. ಆದ್ದರಿಂದ ಸಿಟಿ ಬರೆದುಕೊಟ್ಟಾಗ, "ಇದೇ ಬೇಕಾ, ಬೇರೆ ದಾರಿ ಇದೆಯಾ?" ಎಂದು ಡಾಕ್ಟರನ್ನು ಕೇಳಿ. ಬೇಕೇ ಬೇಕು ಅಂದರೆ ಹೆದರಿ ಮುಂದೂಡಬೇಡಿ. ಹಳೆಯ ಫಿಲ್ಮ್, ಸಿ.ಡಿ. ತಪ್ಪದೆ ತನ್ನಿ. ಎಷ್ಟೋ ಸಲ ಅದರಲ್ಲೇ ಉತ್ತರ ಇರುತ್ತದೆ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡಂತೆ, ಬೇಡದ ವಿಕಿರಣ ಜಾಸ್ತಿ ಬರುವುದು ಎರಡನೇ ಸಲ ತೆಗೆಯುವುದರಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿನ ಕೊರಳಿನ ಸರ ತೆಗೆಸಲು ಮರೆತೆ. ಚಿತ್ರದಲ್ಲಿ ಶ್ವಾಸಕೋಶದ ಮೇಲೆ ಸರದ ಬಿಳಿ ಗೆರೆ. ಮತ್ತೆ ತೆಗೆಯಬೇಕಾಯಿತು. ತಪ್ಪು ನನ್ನದು, ಡೋಸ್ ಮಾತ್ರ ಅವರಿಗೆ. ಈಗ ಸರ, ಹೇರ್‌ಪಿನ್, ಹುಕ್, ಜೇಬಿನ ನಾಣ್ಯ ಎಲ್ಲ ಕೇಳಿಯೇ ಮುಂದಿನ ಕೆಲಸ. ನೀವೇ ಮೊದಲು ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಉಸಿರು ಹಿಡಿಯಿರಿ ಅಂದಾಗ ಹಿಡಿಯಿರಿ. ಅಲ್ಲಾಡಿದರೆ ಚಿತ್ರ ಮಸುಕಾಗುತ್ತದೆ, ಮತ್ತೆ ಅದೇ ಕಥೆ.

ಮಗುವನ್ನು ಹಿಡಿದುಕೊಳ್ಳಲು ಒಬ್ಬರು ಬೇಕಾದರೆ ಅಪ್ಪನನ್ನೋ ಚಿಕ್ಕಪ್ಪನನ್ನೋ ಕರೆಯುತ್ತೇನೆ. ಗರ್ಭಿಣಿಯರು ಬೇಡ. ನೀವೇ ಹಿಡಿಯಬಹುದಲ್ಲ ಎಂದು ಕೆಲವರು ಸಿಟ್ಟಾಗುತ್ತಾರೆ. ನೀವು ಹಿಡಿಯುವುದು ಒಂದು ದಿನ, ನಾನು ಹಿಡಿದರೆ ದಿನಾ. ಸೀಸದ ಏಪ್ರನ್ ಹಾಕಿಕೊಳ್ಳಿ. ಯಂತ್ರದಿಂದ ಮಗುವಿನ ಮೇಲೆ ಒಂದು ಚೌಕದ ಬೆಳಕು ಬೀಳುತ್ತದೆ, ಕಿರಣ ಬೀಳುವ ಜಾಗ ಅದೇ. ನಿಮ್ಮ ಬೆರಳು ಆ ಚೌಕದೊಳಗೆ ಬರಬಾರದು. ಏಪ್ರನ್ ಇರುವುದು ಮಗುವಿನ ಮೈಯಿಂದ ಚದುರಿ ಬರುವ ಕಿರಣಕ್ಕೆ. ನೇರ ಕಿರಣವನ್ನು ಅದು ಪೂರ್ತಿ ತಡೆಯುವುದಿಲ್ಲ. ಹಿಡಿಯುವ ಕೆಲಸ ಇಲ್ಲದವರು ಹೊರಗೆ ನಿಲ್ಲಿ. ದೂರ ಎರಡು ಪಟ್ಟಾದರೆ ಡೋಸ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ನಿಲ್ಲುವುದಕ್ಕೆ ಖರ್ಚೂ ಇಲ್ಲ.

"ನನಗೇಕೆ ಹೊಟ್ಟೆಗೆ ಏಪ್ರನ್ ಹಾಕಲಿಲ್ಲ?" ಎಂದು ರೋಗಿಗಳು ಕೇಳುವುದುಂಟು. ಮೊದಲು ಹಾಕುತ್ತಿದ್ದೆವು. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಈ ರೂಢಿ ಬಿಡಿ ಎಂದಿತು. ಸೀಸ ಚಿತ್ರಕ್ಕೆ ಅಡ್ಡ ಬಂದರೆ ನೋಡಬೇಕಾದ್ದು ಮುಚ್ಚಿಹೋಗುತ್ತದೆ. ಡೋಸ್ ಅನ್ನು ಯಂತ್ರವೇ ನಿರ್ಧರಿಸುವ ಕಡೆ, ಕಿರಣ ಸಾಲುತ್ತಿಲ್ಲ ಎಂದು ಅದು ಇನ್ನೂ ಜಾಸ್ತಿ ಬಿಡುತ್ತದೆ.

ಮುಟ್ಟು ತಪ್ಪಿದ್ದರೆ, ಅನುಮಾನವಿದ್ದರೂ ಸಾಕು, ಒಳಗೆ ಬರುವ ಮುಂಚೆಯೇ ಹೇಳಿ. ಜನರ ಮುಂದೆ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಡಿ. ಕೈ ಕಾಲಿನ ಎಕ್ಸ್‌ರೇಯಾದರೆ ಮಗುವಿಗೆ ತಗಲುವುದು ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ, ಸೊಂಟದ್ದಾದರೆ ಡಾಕ್ಟರ್ ಜೊತೆ ಮಾತಾಡಿಯೇ ಮುಂದಿನ ಹೆಜ್ಜೆ.

ತಾತ ಕೇಳಿದ ಪ್ರಶ್ನೆಗೆ ನಿಜವಾಗಿ ಅರ್ಥ ಬರುವುದು ಬೋನ್ ಸ್ಕ್ಯಾನ್‌ನಂಥ ಪರೀಕ್ಷೆಯಲ್ಲಿ. ಅಲ್ಲಿ ಔಷಧವನ್ನೇ ಮೈಗೆ ಚುಚ್ಚುತ್ತಾರೆ, ಕಿರಣ ಒಳಗಿನಿಂದ ಬರುತ್ತದೆ. ಅದರಲ್ಲಿರುವ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ. ಡಾಕ್ಟರ್ ಬೇಡ ಎನ್ನದಿದ್ದರೆ ಚೆನ್ನಾಗಿ ನೀರು ಕುಡಿಯಿರಿ, ಮೂತ್ರ ಕಟ್ಟಿಕೊಳ್ಳಬೇಡಿ. ಮೊಮ್ಮಗಳನ್ನು ಯಾವಾಗ ಎತ್ಕೋಬಹುದು ಎಂದು ಅಲ್ಲಿನವರನ್ನು ಕೇಳಿಕೊಂಡೇ ಮನೆಗೆ ಹೊರಡಿ.