ಒಂದೇ ಟವೆಲ್ಲಿನ ಮನೆಯಲ್ಲಿ ಕುರು

ಅಂಕೋಲೆಯಿಂದ ಬೆಲೇಕೇರಿಗೆ ಹೋಗುವ ದಾರಿಯಲ್ಲಿ ನನ್ನ ದವಾಖಾನೆ ಇದೆ. ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದ ಜೂನ್ 1ರಿಂದ ಜುಲೈ 31ರವರೆಗಿನ ಅವಧಿಯಲ್ಲಿ ಕುರು ಎದ್ದವರು ನನ್ನಲ್ಲಿಗೆ ಹೆಚ್ಚಾಗಿ ಬರುತ್ತಾರೆ. ಗಂಡಸರೆಲ್ಲ ಜಗಲಿಯಲ್ಲಿ ಕುಳಿತು ಬಲೆ ದುರಸ್ತಿ ಮಾಡುತ್ತ ಕೈ ಗೀರಿಕೊಂಡಿರುತ್ತಾರೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಂಥದೇ ಮಳೆಗಾಲದಲ್ಲಿ ಒಬ್ಬ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ತೊಡೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕುರು ಎಬ್ಬಿಸಿಕೊಂಡು ಬಂದರು. ಸಂಜೆಯ ಹೊತ್ತು, ಹೊರಗೆ ಜನ ತುಂಬಿದ್ದರು. ಕೊಯ್ದು ಕೀವು ತೆಗೆಯಬೇಕಾದ ಕಡೆ ನಾನು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಪ್ರತಿಜೀವಕ ಮಾತ್ರೆಯನ್ನು ಐದು ದಿನಕ್ಕೆ ಬರೆದುಕೊಟ್ಟೆ. ಕುರು ತಾನಾಗಿ ಒಡೆದು ನೋವು ಇಳಿಯಿತು. ಅದು ಮಾತ್ರೆಯ ಗುಣವೆಂದು ಅವರೂ ನಂಬಿದರು, ನಾನೂ ನಂಬಿದೆ. ಎರಡು ವಾರದಲ್ಲಿ ಮಗನ ಕಂಕುಳಲ್ಲಿ, ಆಮೇಲೆ ಸೊಸೆಯ ಸೊಂಟದಲ್ಲಿ ಕುರು ಎದ್ದಿತು. ಅವರಿಗೂ ಅದೇ ಚೀಟಿ ಬರೆದೆ. ತಾಂಡೇಲರು ಇನ್ನೊಂದು ತೊಡೆ ತೋರಿಸಲು ಬಂದಾಗ ಮಾತ್ರ ನನಗೆ ನಾಚಿಕೆಯಾಯಿತು.

ಆ ದಿನ ಜೊತೆಗೆ ಅವರ ತಾಯಿಯೂ ಬಂದಿದ್ದರು. "ಕೊಯ್ಯೂದು ಬ್ಯಾಡ ಡಾಕ್ಟರೇ, ಗುಳಗಿ ಕೊಡಿ. ಮೊನ್ನೆ ಕೊಟ್ಟದ್ರಲ್ಲೇ ನಾಕು ಉಳ್ದದೆ," ಎಂದರು. ಆ ನಾಲ್ಕು ಗುಳಿಗೆಗಳನ್ನು ನಾನು ಇಸಿದುಕೊಂಡೆ. ಕುರುವಿನ ಸುತ್ತಲೂ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಮೆತ್ತಗಾದಲ್ಲಿ ಕೊಯ್ದು, ಒಳಗಿನ ಗೂಡುಗಳನ್ನು ಇಕ್ಕಳದ ತುದಿಯಿಂದ ಬಿಡಿಸಿದಾಗ ಎರಡು ಚಮಚೆಯಷ್ಟು ದಪ್ಪ ಕೀವು ಬಂತು. ಅದರಲ್ಲಿ ಸ್ವಲ್ಪವನ್ನು ಕಾರವಾರದ ಪ್ರಯೋಗಾಲಯಕ್ಕೆ ಕಳುಹಿಸಿದೆ. ಮೂರನೆಯ ದಿನ ವರದಿ ಬಂತು: ಸ್ಟ್ಯಾಫಿಲೊಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟ್ಯಾಫ್) ಎಂಬ ರೋಗಾಣು, ಮೆಥಿಸಿಲಿನ್ ಎಂಬ ಪ್ರತಿಜೀವಕಕ್ಕೆ ಬಗ್ಗುತ್ತದೆಯೇ ಎಂದು ತಿಳಿಯಲು ಬಳಸುವ ಸೆಫಾಕ್ಸಿಟಿನ್‌ಗೆ ಬಗ್ಗುವುದಿಲ್ಲ. ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್, ಎಂದರೆ ಇದೇ.

ನನ್ನ ತಪ್ಪು ಇಲ್ಲಿ ಎರಡು ಬಗೆಯದಾಗಿತ್ತು. ಪೆನ್ಸಿಲಿನ್ ಅನ್ನು (ಅಮಾಕ್ಸಿಸಿಲಿನ್ ಕೂಡ ಅದೇ ಗುಂಪಿನದು) ಒಡೆಯುವ ಕಿಣ್ವವನ್ನು ಈ ರೋಗಾಣು ಬಹಳ ಹಿಂದೆಯೇ ಗಳಿಸಿಕೊಂಡಿತ್ತು. ಕ್ಲಾವುಲನೇಟ್ ತಡೆಯುವುದು ಆ ಕಿಣ್ವವನ್ನು ಮಾತ್ರ. ಆ ಕಿಣ್ವಕ್ಕೆ ಬಗ್ಗದ ಮೆಥಿಸಿಲಿನ್ ಬಳಕೆಗೆ ಬಂದ ಸ್ವಲ್ಪ ಕಾಲದಲ್ಲೇ, 1961ರಲ್ಲಿ, ಅದನ್ನೂ ಮೀರಿದ ತಳಿ ಇಂಗ್ಲೆಂಡಿನಲ್ಲಿ ಕಂಡುಬಂತು. ಈ ತಳಿ ಔಷಧವನ್ನು ಒಡೆಯುವುದಿಲ್ಲ, ಔಷಧ ಹೋಗಿ ಅಂಟಿಕೊಳ್ಳಬೇಕಾದ ಪ್ರೋಟೀನಿನ ಬದಲಿಗೆ ಅಂಟಿಸಿಕೊಳ್ಳದ ಇನ್ನೊಂದನ್ನು ಇಟ್ಟುಕೊಂಡು ತನ್ನ ಗೋಡೆಯನ್ನು ಕಟ್ಟುತ್ತಲೇ ಇರುತ್ತದೆ. ಹಾಗಾಗಿ ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಸೆಫಿಕ್ಸಿಮ್ ಯಾವುದನ್ನು ಕೊಟ್ಟರೂ ಅಷ್ಟೇ. ಇನ್ನೊಂದು ತಪ್ಪು ಇದಕ್ಕಿಂತ ಸರಳವಾದದ್ದು: ಕೀವು ತುಂಬಿದ ಗೂಡಿನೊಳಕ್ಕೆ ರಕ್ತವೇ ಸರಿಯಾಗಿ ಹೋಗದಿರುವಾಗ ಒಳ್ಳೆಯ ಔಷಧವೂ ಅಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ವರದಿಯನ್ನು ನೋಡಿ, ಸಲ್ಫಾ ಒಗ್ಗದಿರುವ ತೊಂದರೆ ಇದೆಯೇ ಎಂದು ಕೇಳಿಕೊಂಡು, ಸಲ್ಫಾ ಸೇರಿದ ಕೋ-ಟ್ರೈಮಾಕ್ಸಝೋಲ್ ಕೊಟ್ಟೆ. ಗಾಯ ಮಾಯಿತು.

ಆದರೆ ಮನೆಯೊಳಗೆ ಆ ರೋಗಾಣು ಸುತ್ತುತ್ತಿದ್ದ ದಾರಿ ಹಾಗೆಯೇ ಉಳಿದಿತ್ತಾದ್ದರಿಂದ ಒಂದು ಭಾನುವಾರ ಅಲ್ಲಿಗೇ ಹೋದೆ. ಬಚ್ಚಲಿನ ಬಾಗಿಲ ಹಿಂದೆ ಒಂದು ಮೊಳೆ, ಆ ಮೊಳೆಗೆ ಒಂದು ಹಸಿ ಟವೆಲ್. ಮನೆಯ ಆರೂ ಮಂದಿ ಅದರಲ್ಲೇ ಮೈ ಒರೆಸಿಕೊಳ್ಳುತ್ತಿದ್ದರು. ಅಪ್ಪನಿಗೂ ಮಗನಿಗೂ ಒಂದೇ ಬ್ಲೇಡು. ತೆಂಗಿನೆಣ್ಣೆಯ ಬಟ್ಟಲಿಗೆ ಎಲ್ಲರೂ ಬೆರಳದ್ದುತ್ತಿದ್ದರು, ಕುರುವಿಗೆ ಎಣ್ಣೆ ಸವರಿದ ಬೆರಳನ್ನೂ ಸೇರಿಸಿ. ಸರಿಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫ್ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಅದು ಸಾಮಾನ್ಯ ತಳಿಯೋ ಔಷಧಕ್ಕೆ ಬಗ್ಗದ್ದೋ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ. ಮೂಗಿನಿಂದ ಬೆರಳಿಗೆ, ಬೆರಳಿನಿಂದ ಗೀರಿದ ಚರ್ಮಕ್ಕೆ ಅದು ಸಾಗುತ್ತದೆ. ಶೆಟ್ಲಿ (ಸಿಗಡಿ) ಸುಲಿಯುವವರ ಬೆರಳಲ್ಲಂತೂ ಮುಳ್ಳು ಚುಚ್ಚದ ಜಾಗ ಹುಡುಕಬೇಕು.

ನಾನು ಹೇಳಿದ್ದರಲ್ಲಿ ದುಡ್ಡಿನ ಖರ್ಚು ಹೆಚ್ಚೇನೂ ಇರಲಿಲ್ಲ. ಆರು ಮೊಳೆ, ಆರು ಟವೆಲ್. ಕುರು ಇದ್ದವರ ಬಟ್ಟೆಯನ್ನು ಬಚ್ಚಲೊಲೆಯ ಹಂಡೆಯ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಒಲೆಯ ಮೇಲಿನ ತಂತಿಗೆ ಹಾಕಿ ಪೂರ್ತಿ ಒಣಗಿಸುವುದು. ಕುರುವನ್ನು ಹಿಸುಕದೆ, ಬಿಸಿನೀರಲ್ಲದ್ದಿದ ಶುಭ್ರ ಬಟ್ಟೆಯ ಶಾಖ ಕೊಟ್ಟು, ಒಡೆದ ಮೇಲೆ ಗಾಜ್‌ನಿಂದ ಮುಚ್ಚಿಡುವುದು. ಪಟ್ಟಿ ಬದಲಿಸಿದ ಕೂಡಲೇ ಸೋಪಿನಿಂದ ಕೈ ತೊಳೆಯುವುದು. ಸುಣ್ಣ ಅರಿಸಿನದ ಲೇಪ ಬೇಡವೆಂದಾಗ ಅಜ್ಜಿ ಒಪ್ಪಲಿಲ್ಲ; ಗಾಯ ಬಾಯಿ ತೆರೆದಿರುವಾಗ ಹಚ್ಚಬಾರದು ಎಂಬಲ್ಲಿಗೆ ರಾಜಿಯಾದೆವು. ಅಂಗಡಿಯಿಂದ ಕೇಳಿ ತಂದಿದ್ದ, ಸ್ಟೀರಾಯ್ಡ್ ಬೆರೆತ ಮುಲಾಮಿನ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ. ಜ್ವರ ಬಂದರೆ, ಕೆಂಪು ಸುತ್ತಲೂ ಹರಡಿದರೆ, ಮೂಗು ತುಟಿಯ ಹತ್ತಿರ ಕುರು ಎದ್ದರೆ, ಸಕ್ಕರೆ ಕಾಯಿಲೆಯವರಿಗೆ ಎಲ್ಲೇ ಎದ್ದರೂ, ಕಾಯದೆ ಬರಬೇಕೆಂದು ಹೇಳಿದೆ.

ಇಷ್ಟಾದ ಮೇಲೂ ಮಗನಿಗೆ ಮತ್ತೆ ಎದ್ದಾಗ, ಮನೆಯವರೆಲ್ಲರಿಗೂ ಒಟ್ಟಿಗೇ ಐದು ದಿನ ಮೂಗಿನ ಹೊಳ್ಳೆಗಳಿಗೆ ದಿನಕ್ಕೆರಡು ಸಲ ಮ್ಯೂಪಿರೋಸಿನ್ ಮುಲಾಮು, ಸ್ನಾನಕ್ಕೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಕೊಟ್ಟೆ. ಮೊದಲ ಕುರುವಿಗೇ ಇದನ್ನು ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಆ ಮುಲಾಮಿಗೂ ಬಗ್ಗದ ಸ್ಟ್ಯಾಫ್ ಈಗಾಗಲೇ ಇದೆ.

ಮುಂದಿನ ಮಳೆಗಾಲದಲ್ಲಿ ಆ ಮನೆಯಿಂದ ಬಂದದ್ದು ಒಂದೇ ಕುರು, ಸೊಸೆಯ ಮೊಣಕೈ ಮೇಲೆ ಕಡಲೆಕಾಳಿನಷ್ಟು. ಅವರು ಅದನ್ನು ಮುಚ್ಚಿಕೊಂಡೇ ಬಂದಿದ್ದರು. ಶಾಖ ಕೊಡಲು ಹೇಳಿ, ಔಷಧದ ಚೀಟಿ ಬರೆಯದೆ ಕಳುಹಿಸಿದೆ.